ತಿಂಗಳುಗಟ್ಟಲೆ ಕಿವಿ ಕಟ್ಟಿಕೊಂಡಿದೆ, ಎಣ್ಣೆ ಬಿಟ್ಟರೂ ಬಿಡುತ್ತಿಲ್ಲ. ಏಕೆ?

ಎಣ್ಣೆ ನಿಲ್ಲಿಸಿ, ಮೂಗಿನ ಕಡೆ ನೋಡಿ. ಕಿವಿಯಲ್ಲಿ ಗುಗ್ಗೆ ಇಲ್ಲವೆಂದು ವೈದ್ಯರು ಹೇಳಿದ್ದರೆ ತೊಂದರೆ ಬಹುಶಃ ಕಿವಿಯೊಳಗಿನ ತೆಳು ಪರದೆಯ, ಅಂದರೆ ತಮಟೆಯ, ಹಿಂದಿದೆ. ಹೊರಗಿನಿಂದ ಸುರಿದದ್ದು ಅಲ್ಲಿಗೆ ಮುಟ್ಟುವುದೇ ಇಲ್ಲ.

ತಮಟೆಯ ಹಿಂದಿನ ಪೊಳ್ಳನ್ನು ಮೂಗಿನ ಹಿಂಬದಿಗೆ ಸೇರಿಸುವ ಯೂಸ್ಟೇಶಿಯನ್ ನಾಳ ಸುಮಾರು 3.5 ಸೆಂಟಿಮೀಟರ್ ಉದ್ದವಿರುತ್ತದೆ. ಸದಾ ಮುಚ್ಚಿರುವ ಅದು ನುಂಗಿದಾಗ, ಆಕಳಿಸಿದಾಗ ಕ್ಷಣಕಾಲ ತೆರೆದು ಗಾಳಿ ಬಿಡುತ್ತದೆ. ಅಲರ್ಜಿಯಿಂದಲೋ ನೆಗಡಿಯಿಂದಲೋ ಅದರ ಬಾಯಿ ಊದಿಕೊಂಡರೆ ಹೊಸ ಗಾಳಿ ಬರುವುದಿಲ್ಲ. ಒಳಗಿದ್ದದ್ದನ್ನು ಒಳಪೊರೆ ಮೆಲ್ಲಗೆ ಹೀರಿಕೊಳ್ಳುತ್ತದೆ, ತಮಟೆ ಒಳಕ್ಕೆ ಜಗ್ಗುತ್ತದೆ. ಹುಬ್ಬಳ್ಳಿಯಿಂದ ಅಂಕೋಲಾ ಬಸ್ ಹತ್ತಿ ಅರಬೈಲ್ ಘಟ್ಟ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅದೇ ಅನುಭವ. ಅಲ್ಲಿ ಉಗುಳು ನುಂಗಿದರೆ ಬಿಡುತ್ತದೆ, ನಿಮಗೆ ಬಿಡುತ್ತಿಲ್ಲ, ಅಷ್ಟೇ.

ಕುದಿಸಿ ಆರಿಸಿದ ಉಪ್ಪುನೀರಿನಿಂದ ಮೂಗು ತೊಳೆಯಿರಿ. ಅಲರ್ಜಿಗೆಂದು ವೈದ್ಯರು ಕೊಡುವ ಸ್ಟೆರಾಯ್ಡ್ ಸ್ಪ್ರೇ ಕೆಲಸ ತೋರಿಸಲು ವಾರಗಳು ಬೇಕಾಗಬಹುದು. ನಾಲ್ಕು ದಿನಕ್ಕೇ ಬೇಸತ್ತು ಬಿಡಬೇಡಿ. ಮೂಗು ತೆರೆಸುವ ಹನಿ ಮಾತ್ರ ಐದು ದಿನ ಮೀರಬಾರದು, ಮೀರಿದರೆ ಊತ ಮರಳುತ್ತದೆ. ಮೂಗು ಹಿಡಿದು ಜೋರಾಗಿ ಊದುವುದೂ ಬೇಡ.

ಒಂದೇ ಕಿವಿ ಹೀಗೆ ಕಟ್ಟಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು. ಹಠಾತ್ತನೆ ಕೇಳಿಸದಂತಾದರೆ ಅದೇ ದಿನ ಹೋಗಿ.