ನೂರೈವತ್ತು ರಾತ್ರಿ, ನಲವತ್ತು ರಾತ್ರಿ: ಒಂದು ಆಪ್ತಸಲಹೆ ಪ್ರಕರಣ

ಈ ದಂಪತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ವೃತ್ತಿ, ಮೊತ್ತಗಳನ್ನು ಬದಲಿಸಿದ್ದೇನೆ.

ಲಂಡನ್ನಿನ ಹೊರವಲಯದಲ್ಲಿರುವ ನನ್ನ ಕೋಣೆಗೆ ಅವರು ಬಂದದ್ದು ಫೆಬ್ರವರಿಯಲ್ಲಿ. ಪತಿಗೆ 64, ಪತ್ನಿಗೆ 62. ಇಲ್ಲಿ ಪತಿಯನ್ನು "ಅವರು", ಪತ್ನಿಯನ್ನು "ಆಕೆ" ಎನ್ನುತ್ತೇನೆ. ಬ್ರಿಟನ್ನಿಗೆ ಬಂದು ನೆಲೆಸಿ ಇಪ್ಪತ್ತೈದು ವರ್ಷ ದಾಟಿತ್ತು. ಅವರು ಎಂಜಿನಿಯರ್, ಆಕೆ ಆಸ್ಪತ್ರೆಯ ವೈದ್ಯೆ. ಇಬ್ಬರೂ ನಿವೃತ್ತರಾಗಿ ಮೂರು ತಿಂಗಳಾಗಿತ್ತು, ಮಾತು ಬಿಟ್ಟು ಹನ್ನೊಂದು ದಿನವಾಗಿತ್ತು. "ಒಂದು ಗಾಡಿಯ ವಿಷಯಕ್ಕೆ" ಎಂದು ಆಕೆ ಫೋನಿನಲ್ಲಿ ಹೇಳಿದಾಗ ದನಿಯಲ್ಲಿ ನಾಚಿಕೆಯಿತ್ತು. ನಾಚಿಕೆಪಡುವಂಥದ್ದೇನೂ ಇಲ್ಲ ಎಂದೆ. ನಿವೃತ್ತಿಯ ಮೊದಲ ವರ್ಷದ ಜಗಳಗಳು ಅಡುಗೆಮನೆಯ ಕಪಾಟಿನಿಂದಲೂ ಹುಟ್ಟುತ್ತವೆ, ಆದರೂ ಅವು ಸಣ್ಣವಲ್ಲ.

ಗಾಡಿ ಎಂದರೆ ಮೋಟರ್‌ಹೋಮ್. ವ್ಯಾನಿನ ಚಾಸಿಯ ಮೇಲೆ ಕಟ್ಟಿದ ಪುಟ್ಟ ಮನೆ. ಹಾಸಿಗೆ, ಒಲೆ, ಶೌಚಾಲಯ ಎಲ್ಲವೂ ಅದರೊಳಗೇ. ಆಕೆ ಮೆಚ್ಚಿದ್ದು 2007ರದು, ಬೆಲೆ 26,000 ಪೌಂಡ್. ಅವರು ಮೆಚ್ಚಿದ್ದು ಹೊಚ್ಚ ಹೊಸದು, 74,000 ಪೌಂಡ್.

ಮೊದಲ ಭೇಟಿಯಲ್ಲಿ ಇಬ್ಬರೂ ಗಾಡಿಯ ಬಗ್ಗೆಯೇ ವಾದಿಸಿದರು. ನಾನು ತಡೆಯಲಿಲ್ಲ. ಷೋರೂಮಿನ ಬಾಗಿಲು ದಾಟಿದ ಕೂಡಲೇ ಹೊಸದರ ಬೆಲೆ ಕುಸಿಯುತ್ತದೆ, ನಿವೃತ್ತಿಯ ಇಡುಗಂಟನ್ನು ಅದರಲ್ಲಿ ಹೂಡುವುದು ಅವಿವೇಕ ಎಂದು ಆಕೆ. ಹಳೆಯದನ್ನು ಕೊಂಡರೆ ಪ್ರವಾಸಕ್ಕಿಂತ ದುರಸ್ತಿಯಲ್ಲೇ ದಿನ ಕಳೆಯುತ್ತವೆ, ಎಲ್ಲೋ ಬೆಟ್ಟದ ದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ ಎಂದು ಅವರು. ಅದರ ಮೇಲೆ ಲಂಡನ್ನಿನ ಹೊಗೆ ಶುಲ್ಕವನ್ನೂ ಎತ್ತಿದರು. 2023ರ ಆಗಸ್ಟ್ 29ರಿಂದ ಆ ಶುಲ್ಕದ ವಲಯ ನಗರದ ಎಲ್ಲ ಬರೋಗಳಿಗೂ, ಎಂದರೆ ಎಲ್ಲ ಆಡಳಿತ ವಿಭಾಗಗಳಿಗೂ ಹಬ್ಬಿದೆ. ಯೂರೋ 6 ಎಂಬ ಹೊಗೆ ಮಾನದಂಡ ಮುಟ್ಟದ, 3,500 ಕಿಲೋವರೆಗಿನ ಡೀಸೆಲ್ ಗಾಡಿ ಅಲ್ಲಿ ಓಡಿದ ದಿನಕ್ಕೆ 12.50 ಪೌಂಡ್ ತೆರಬೇಕು. ಆಕೆ ಕಾಗದ ತೆಗೆದುಕೊಂಡು ಅಲ್ಲೇ ಲೆಕ್ಕ ಹಾಕಿದರು: ಮನೆಯಿಂದ ಹೊರಡುವ ಒಂದು ದಿನ, ಮರಳುವ ಒಂದು ದಿನ, ವರ್ಷಕ್ಕೆ ಹತ್ತು ಪ್ರವಾಸ, 250 ಪೌಂಡ್. "48,000 ಪೌಂಡಿನ ವ್ಯತ್ಯಾಸಕ್ಕೆ ಇದೊಂದು ಉತ್ತರವೇ?" ಎಂದರು. ಗುಣಾಕಾರ ಸರಿಯಾಗಿಯೇ ಇತ್ತು. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಇದು ಹಣದ ಜಗಳ ಎಂದು ಆ ದಿನ ನಾನು ಟಿಪ್ಪಣಿ ಬರೆದುಕೊಂಡೆ. ಅದು ತಪ್ಪಾಗಿತ್ತು.

ಯಾವುದನ್ನು ಕೊಳ್ಳಬೇಕೆಂದು ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದರೆ ಜನ ತಮ್ಮ ಅಂಜಿಕೆಯನ್ನು ಒಂದು ವಸ್ತುವಿನ ಮೇಲೆ ಹೊರಿಸಿದಾಗ, ಆ ವಸ್ತುವಿನ ಪರಿಚಯವಿಲ್ಲದೆ ಅಂಜಿಕೆಯನ್ನು ಬೇರ್ಪಡಿಸಲಾಗದು. ಹಾಗಾಗಿ ಆ ವಾರ ಮೋಟರ್‌ಹೋಮ್‌ಗಳ ಬಗ್ಗೆ ಓದಿದೆ, ಬಲ್ಲವರನ್ನು ಕೇಳಿದೆ. ತಿಳಿದದ್ದು ಇಷ್ಟು. ಈ ಗಾಡಿಗೆ ಎರಡು ಆಯುಷ್ಯ: ಎಂಜಿನ್ನಿನದು ಒಂದು, ಮನೆಯದು ಇನ್ನೊಂದು. ಓಡಿದ ಮೈಲಿ ಎಣಿಸಿ ಎಂಜಿನ್ನಿನ ಆಯುಷ್ಯ ಅಳೆಯಬಹುದು. ಮನೆಯನ್ನು ತಿನ್ನುವುದು ನೀರು. ಹೊರಗೆ ತೆಳುವಾದ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆ, ನಡುವೆ ಮರದ ಪಟ್ಟಿ, ಒಳಗೆ ಪ್ಲೈವುಡ್, ಜೋಡಣೆಗಳಲ್ಲಿ ಅಂಟು. ವರ್ಷಗಳು ಕಳೆದಂತೆ ಅಂಟು ಒಣಗಿ ಬಿರಿಯುತ್ತದೆ, ಮಳೆ ಒಳಗೆ ಇಳಿಯುತ್ತದೆ. ಒಳಗಿನ ಬಣ್ಣ ಮಾತ್ರ ಹಾಗೇ ಹೊಳೆಯುತ್ತಿರುತ್ತದೆ. ಗಾಡಿ ರಸ್ತೆಗೆ ಯೋಗ್ಯವೇ ಎಂದು ವರ್ಷ ವರ್ಷ ನಡೆಯುವ ಎಂಒಟಿ ಪರೀಕ್ಷೆ ಬ್ರೇಕು, ದೀಪ, ಟೈರುಗಳನ್ನು ನೋಡುತ್ತದೆಯೇ ಹೊರತು ಗೋಡೆಯೊಳಗಿನ ತೇವವನ್ನು ನೋಡುವುದಿಲ್ಲ.

ಇದನ್ನು ಎರಡನೆಯ ಭೇಟಿಯಲ್ಲಿ ಹೇಳಿದಾಗ ಆಕೆ ತಲೆಯಾಡಿಸಿದರು. ಹುಟ್ಟೂರು ತೀರ್ಥಹಳ್ಳಿಯ ಕಡೆ. ಆಷಾಢದಲ್ಲಿ ಉಬ್ಬಿ ಮುಚ್ಚಲಾಗದ ಬಾಗಿಲು, ಮುಟ್ಟಿದರೆ ಹುಡಿಯಾಗುವ ಜಂತೆ ಆಕೆಗೆ ಹೊಸತಲ್ಲ. "ಗೋಡೆಗೆ ಮೂಗು ಇಟ್ಟರೆ ನನಗೆ ಗೊತ್ತಾಗುತ್ತದೆ" ಎಂದರು. ಆ ಕೋಣೆಯಲ್ಲಿ ಆಕೆ ಮೊದಲ ಬಾರಿ ನಕ್ಕದ್ದು ಆಗಲೇ.

ಮುಂದಿನ ಭೇಟಿಗೆ ಇಬ್ಬರ ಚಾಲನಾ ಪರವಾನಗಿಯನ್ನೂ ಎರಡೂ ಗಾಡಿಗಳ ತೂಕದ ವಿವರವನ್ನೂ ತರಲು ಹೇಳಿದೆ. ಇಲ್ಲಿ 1997ರ ಜನವರಿ 1ರಂದು ಅಥವಾ ಅದರ ನಂತರ ಕಾರಿನ ಪರೀಕ್ಷೆ ಪಾಸಾದವರು ಆ ಪರವಾನಗಿಯಲ್ಲಿ ಅನುಮತಿ ತೂಕ (ಜನ, ಸಾಮಾನು ಸೇರಿ ಗಾಡಿ ಮುಟ್ಟಬಹುದಾದ ಒಟ್ಟು ತೂಕ) 3,500 ಕಿಲೋವರೆಗಿನ ಡೀಸೆಲ್ ಮೋಟರ್‌ಹೋಮ್ ಮಾತ್ರ ಓಡಿಸಬಹುದು. ಮೀರಿದರೆ ಸಿ1 ಎಂಬ ಬೇರೆ ವರ್ಗ, ಬೇರೆ ಪರೀಕ್ಷೆ, ಹೆಚ್ಚು ಕಟ್ಟುನಿಟ್ಟಾದ ವೈದ್ಯಕೀಯ ಮಾನದಂಡ. ಇಬ್ಬರೂ ಪಾಸಾದದ್ದು 1999ರಲ್ಲಿ. ಆಕೆಯ ಹಳೆಯ ಗಾಡಿಯ ಅನುಮತಿ ತೂಕ 3,850 ಕಿಲೋ. 12.50 ಪೌಂಡಿನ ಲೆಕ್ಕವೂ ಅದಕ್ಕೆ ಸಲ್ಲುತ್ತಿರಲಿಲ್ಲ, ಆ ತೂಕದ ಗಾಡಿಗೆ ಹೊಗೆ ಶುಲ್ಕ ಬೇರೆ, ಹೆಚ್ಚು. ಅದನ್ನು ಕೊಂಡಿದ್ದರೆ ಇಬ್ಬರಲ್ಲಿ ಒಬ್ಬರೂ ಮನೆಯವರೆಗೆ ತರುವಂತಿರಲಿಲ್ಲ. ಕಾಗದದಲ್ಲಿ ತೂಕ ಇಳಿಸಿಕೊಳ್ಳುವ ದಾರಿ ಇದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಸಾಮಾನು ಹೊರುವ ಅವಕಾಶವೂ ಇಳಿಯುತ್ತದೆ.

ಅವರು ಗೆದ್ದವರಂತೆ ಕೂತಿದ್ದರು. ನಾನು ಹೊಸ ಗಾಡಿಯ ಹಾಳೆ ತೆಗೆದೆ. ಅನುಮತಿ ತೂಕ 3,500 ಕಿಲೋ, ಸರಿಯೇ. ಆದರೆ ಅವರು ಬಯಸಿದ ಅಲಂಕಾರಗಳನ್ನೆಲ್ಲ ಸೇರಿಸಿದ ಮೇಲೆ ಸಾಮಾನಿಗೆ ಉಳಿಯುವುದು 230 ಕಿಲೋ. ಚಾಲಕನ ತೂಕ ಮೊದಲೇ ಲೆಕ್ಕದಲ್ಲಿ ಸೇರಿರುತ್ತದೆ, ಜೊತೆಗಾರ್ತಿಯದು ಸೇರಿರುವುದಿಲ್ಲ. ಆಕೆ, ಎರಡು ಸೈಕಲ್, ಹೊರಗಿನ ಚಾವಣಿ, ಕುರ್ಚಿ ಮೇಜು, ಬಟ್ಟೆ, ಇನ್ನೊಂದು ಗ್ಯಾಸ್ ಸಿಲಿಂಡರ್, ತುಂಬಿಸುವ ನೀರು ಲೀಟರಿಗೆ ಒಂದು ಕಿಲೋ. ಅಕ್ಕಿ, ಕುಕ್ಕರ್, ದೋಸೆಕಲ್ಲು ಬಿಡಲಾರೆ ಎಂದು ಆಕೆ ಮೊದಲೇ ಹೇಳಿದ್ದರು. ಕೂಡಿಸಿದರೆ ಮಿತಿ ಮೀರುತ್ತಿತ್ತು.

ಹೀಗೆ ಅರ್ಧ ಗಂಟೆಯಲ್ಲಿ ಎರಡೂ ಗಾಡಿಗಳು ಮೇಜಿನಿಂದ ಇಳಿದವು. ಜಗಳ ಇಳಿಯಲಿಲ್ಲ. "ಹಾಗಾದರೆ ಹಗುರವಾದ ಬೇರೊಂದು ಹಳೆಯದನ್ನು ನೋಡೋಣ" ಎಂದು ಆಕೆ, "ದೊಡ್ಡ ಸಾಮರ್ಥ್ಯದ ಬೇರೊಂದು ಹೊಸದು" ಎಂದು ಅವರು, ಅದೇ ಬಿಗಿದ ದವಡೆಯಲ್ಲಿ. ಗಾಡಿಗಳು ಹೋದ ಮೇಲೂ "ಹಳೆಯದು", "ಹೊಸದು" ಎಂಬ ಎರಡು ಶಬ್ದಗಳು ಉಳಿದುಕೊಂಡದ್ದನ್ನು ನೋಡಿದಾಗ ನನಗೆ ದಾರಿ ಕಂಡಿತು.

ಆ ಎರಡು ಶಬ್ದಗಳನ್ನು ಮುಂದಿನ ಭೇಟಿಯಲ್ಲಿ ಯಾರೂ ಬಳಸಬಾರದು ಎಂದೆ. ಇಬ್ಬರಿಗೂ ಒಂದೊಂದು ಕಾಗದ ಕೊಟ್ಟೆ, ಒಬ್ಬರದು ಇನ್ನೊಬ್ಬರಿಗೆ ಕಾಣದಂತೆ. ಮೂರು ಪ್ರಶ್ನೆ: ವರ್ಷಕ್ಕೆ ಎಷ್ಟು ರಾತ್ರಿ ಗಾಡಿಯಲ್ಲಿ ಮಲಗುತ್ತೀರಿ? ಎಷ್ಟು ವರ್ಷ? ಓಡಿಸುವವರು ಯಾರು?

ಅವರು ಬರೆದದ್ದು: 150 ರಾತ್ರಿ, 10 ವರ್ಷ, ನಾನು.
ಆಕೆ ಬರೆದದ್ದು: 40 ರಾತ್ರಿ, 4 ವರ್ಷ, ಅವರು, ಆಗುವವರೆಗೆ.

ಕಾಗದಗಳನ್ನು ಅದಲುಬದಲು ಮಾಡಿಕೊಂಡು ಇಬ್ಬರೂ ಬಹಳ ಹೊತ್ತು ಓದಿದರು. ಐದಾರು ಶಬ್ದ ಓದಲು ಅಷ್ಟು ಹೊತ್ತು ಬೇಕಿರಲಿಲ್ಲ.

ನಲವತ್ತೇ ಏಕೆ ಎಂದು ಅವರು ಕೇಳಿದರು, ಸಿಟ್ಟಿಲ್ಲದೆ. ಆಕೆಯ ತಾಯಿಗೆ 86 ವರ್ಷ, ಮೈಸೂರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ನಿವೃತ್ತಿಯ ನಂತರ ಪ್ರತಿ ಚಳಿಗಾಲ ನಾಲ್ಕು ತಿಂಗಳು ಅಲ್ಲಿರಬೇಕೆಂದು ಆಕೆ ಐದಾರು ವರ್ಷಗಳಿಂದ ಮನಸ್ಸಿನಲ್ಲೇ ನಿಶ್ಚಯಿಸಿದ್ದರು. ಗಂಡನಿಗೆ ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೂ ಅರ್ಥವಾಗಿದೆ ಎಂದುಕೊಂಡಿದ್ದರು. "ಹೊಸ ಗಾಡಿಗೆ ಸಹಿ ಹಾಕುವುದೆಂದರೆ ಊರಿಗೆ ಹೋಗುವುದಿಲ್ಲ ಎಂದು ಸಹಿ ಹಾಕಿದ ಹಾಗೆ. ಹಳೆಯದಾದರೆ ಬೇಡವೆನಿಸಿದ ದಿನ ಮಾರಿಬಿಡಬಹುದು." ನಿಯಮ ಮುರಿದು ಎರಡೂ ಶಬ್ದ ಬಳಸಿದರು. ನಾನು ಸುಮ್ಮನಿದ್ದೆ.

ಅವರ ನೂರೈವತ್ತರ ಹಿಂದೆ ಇದ್ದದ್ದು ಹೃದಯಕ್ಕೆ ಹಾಕಿದ ಒಂದು ಸ್ಟೆಂಟ್, ಎರಡು ವರ್ಷ ಹಿಂದಿನದು. ಅದರ ಹಿಂದೆ ಇನ್ನೂ ಹಳೆಯ ಒಂದು ಸೂಟ್‌ಕೇಸ್. ಅವರ ತಂದೆ ಚಿತ್ರದುರ್ಗದ ಕಡೆ ಹೈಸ್ಕೂಲು ಮೇಷ್ಟ್ರು. ನಿವೃತ್ತಿಯಾದ ತಿಂಗಳು ಉತ್ತರ ಭಾರತದ ಯಾತ್ರೆಗೆಂದು ಹೊಸ ಸೂಟ್‌ಕೇಸ್ ತಂದರು. ಮೊದಲು ಮಗಳ ಬಾಣಂತನ, ಆಮೇಲೆ ಮಳೆಗಾಲ, ಆಮೇಲೆ ಕಾಯಿಲೆ. ಎಂಟು ತಿಂಗಳಲ್ಲಿ ತೀರಿಕೊಂಡರು. ಸೂಟ್‌ಕೇಸಿನಲ್ಲಿ ಅಮ್ಮ ರಗ್ಗುಗಳನ್ನು ತುಂಬಿಟ್ಟರು. "ನನಗೆ ಗ್ಯಾರೇಜಿನಲ್ಲಿ ಕಾಯುವಷ್ಟು ವರ್ಷ ಇಲ್ಲ" ಎಂದಾಗ ಅವರ ದನಿ ಒಡೆಯಿತು. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ಸೂಟ್‌ಕೇಸಿನ ಕತೆ ಆಕೆಗೆ ಗೊತ್ತಿರಲಿಲ್ಲ. ರಗ್ಗುಗಳಿದ್ದ ಆ ಪೆಟ್ಟಿಗೆಯನ್ನು ಮಾತ್ರ ಎಷ್ಟೋ ಸಲ ನೋಡಿದ್ದರು.

ಸಲಹೆ ಕೊಡುವುದಕ್ಕೆ ಅಲ್ಲಿಯವರೆಗೆ ಕಾದಿದ್ದೆ. ಮೊದಲು ಹೇಳಿದ್ದು, ಗಾಡಿ ನೋಡುವ ಮುನ್ನ ಕ್ಯಾಲೆಂಡರ್ ತನ್ನಿ ಎಂದು. ಮೈಸೂರಿನ ತಿಂಗಳುಗಳನ್ನು ಮೊದಲು ಗುರುತು ಮಾಡಿ, ಅದು ಚೌಕಾಸಿಗೆ ಸಿಗುವ ಮಾತಲ್ಲ. ಉಳಿದ ಎಂಟು ತಿಂಗಳಲ್ಲಿ ಅವರ ರಾತ್ರಿಗಳನ್ನು ಗುರುತು ಮಾಡಿ, ಅವೂ ಅಷ್ಟೇ ಗಟ್ಟಿ. ಬಾಣಂತನಕ್ಕೂ ಮಳೆಗಾಲಕ್ಕೂ ಜಾರಬಾರದು.

ಹಣದ ಬಗ್ಗೆ: ಇಬ್ಬರಿಗೂ ನಿದ್ದೆ ಕೆಡಿಸದ ಒಂದು ಮೇಲ್ಮಿತಿ ಹಾಕಿಕೊಳ್ಳಿ. ಆ ಮೊತ್ತವನ್ನೆಲ್ಲ ಖರೀದಿಗೆ ಸುರಿಯಬೇಡಿ, ಕನಿಷ್ಠ 4,000 ಪೌಂಡ್ ದುರಸ್ತಿಗೆಂದೇ ಬೇರೆ ಖಾತೆಯಲ್ಲಿರಲಿ. ಈ ಖಾತೆಗೆ ನಾನು ಬಹಳ ಒತ್ತು ಕೊಟ್ಟೆ. ಅವರ ಭಯ ಗಾಡಿ ಕೆಡುವುದಷ್ಟೇ ಆಗಿರಲಿಲ್ಲ, ಕೆಟ್ಟ ದಿನ "ನಾನು ಹೇಳಲಿಲ್ಲವೇ" ಎಂಬ ಮಾತು ಹುಟ್ಟುವುದೂ ಆಗಿತ್ತು. ಮೊದಲೇ ತೆಗೆದಿಟ್ಟ ಹಣದಿಂದ ಮಾಡಿಸಿದ ದುರಸ್ತಿಗೆ ತಪ್ಪಿತಸ್ಥರು ಇರುವುದಿಲ್ಲ.

ವಯಸ್ಸಿನ ಬಗ್ಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ. 2007ರದೂ ಬೇಡ, ಷೋರೂಮಿನದೂ ಬೇಡ; 2017ರಿಂದ 2019ರ ನಡುವಿನವನ್ನು ನೋಡಿ ಎಂದೆ. ಬೆಲೆಯ ದೊಡ್ಡ ಇಳಿತವನ್ನು ಮೊದಲ ಮಾಲೀಕರು ಹೊತ್ತಿರುತ್ತಾರೆ, ಎಂಜಿನ್ ಬಹುತೇಕ ಯೂರೋ 6 ಆಗಿರುತ್ತದೆ, ವರ್ಷ ವರ್ಷ ತಪಾಸಣೆ ಮಾಡಿಸಿದ ದಾಖಲೆಗಳಿದ್ದರೆ ಮನೆಯ ಭಾಗವೂ ಗಟ್ಟಿಯಾಗಿರುವ ಸಂಭವ ಹೆಚ್ಚು. ದಾಖಲೆ ಇಲ್ಲದ ಐದು ವರ್ಷದ ಗಾಡಿಗಿಂತ ದಾಖಲೆ ಇರುವ ಹತ್ತು ವರ್ಷದ್ದೇ ಮೇಲು. ಹಣ ಕೊಡುವ ಮುನ್ನ ನೀವೇ ಶುಲ್ಕ ಕೊಟ್ಟು ನೇಮಿಸಿದ ತಜ್ಞರಿಂದ ತೇವ ಪರೀಕ್ಷೆ ಮಾಡಿಸಿ. ಮಾಪಕದಲ್ಲಿ ಶೇಕಡ 15ರೊಳಗೆ ಬಂದರೆ ನೆಮ್ಮದಿ, 20 ದಾಟಿದರೆ ಕಾರಣ ತಿಳಿಯದೆ ಮುಂದುವರಿಯಬೇಡಿ. ಟೈರಿನ ಪಕ್ಕದಲ್ಲಿ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕೆಗಳಿರುತ್ತವೆ. ಹೆಚ್ಚು ಕಾಲ ನಿಂತೇ ಇರುವ ಗಾಡಿಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ, ಅದನ್ನು ಓದಿಕೊಳ್ಳಿ. ಹಳೆಯ ಎಂಒಟಿ ಫಲಿತಾಂಶಗಳು ನೋಂದಣಿ ಸಂಖ್ಯೆ ಹಾಕಿದರೆ ಸರ್ಕಾರದ ತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಕೊನೆಯದಾಗಿ, ಏನನ್ನೂ ಕೊಳ್ಳುವ ಮೊದಲು ಹತ್ತು ರಾತ್ರಿಗೆ ಒಂದನ್ನು ಬಾಡಿಗೆಗೆ ತೆಗೆದುಕೊಳ್ಳಿ ಎಂದೆ. ಬೇಸಿಗೆಯಲ್ಲಿ ಬೇಡ, ಏಪ್ರಿಲ್ ಮೊದಲ ವಾರದಲ್ಲಿ, ಚಳಿ ಮಳೆ ಎರಡೂ ಇರುವಾಗ. ಆಕೆ ಕನಿಷ್ಠ ಮೂರು ದಿನ ಓಡಿಸಬೇಕು. ಇದಕ್ಕೆ ಇಬ್ಬರೂ ಒಪ್ಪಲಿಲ್ಲ. ನಾನು ಬಿಡಲಿಲ್ಲ. ಸ್ಟೆಂಟ್ ಹಾಕಿಸಿಕೊಂಡವರೊಬ್ಬರೇ ಚಾಲಕರಾಗಿರುವ ಗಾಡಿ ಎಷ್ಟೇ ಹೊಸದಾದರೂ ಆಕೆಗೆ ಅದು ಭಯದ ಗಾಡಿಯೇ. "ಆಗುವವರೆಗೆ" ಎಂದು ಆಕೆ ಬರೆದದ್ದನ್ನು ಮತ್ತೆ ಓದಿಸಿದೆ.

ಇಬ್ಬರೂ ಸ್ಕಾಟ್ಲೆಂಡಿಗೆ ಹೋದರು. ಇನ್ವರ್ನೆಸ್‌ನಿಂದ ಹೊರಟು ಉತ್ತರ ಕರಾವಳಿ ಸುತ್ತಿ ಅಲ್ಲಿಗೇ ಮರಳುವ 516 ಮೈಲಿಯ ದಾರಿ. ಆಪಲ್‌ಕ್ರಾಸ್ ಕಡೆಯ ಬೆಟ್ಟದ ಕಡಿದಾದ ತಿರುವುಗಳು ದೊಡ್ಡ ಗಾಡಿಗಳಿಗೆ ತಕ್ಕದ್ದಲ್ಲವೆಂದು ಅದೊಂದನ್ನು ಬಿಟ್ಟರು. ಉಳಿದ ಕಡೆಯೂ ಎಷ್ಟೋ ದೂರ ಒಂದೇ ಗಾಡಿಯ ಅಗಲದ ರಸ್ತೆ. ಎದುರಿನಿಂದ ಬಂದವರಿಗೆ ಜಾಗ ಬಿಡಲು ನಡುನಡುವೆ ಅಗಲ ಮಾಡಿದ ಜಾಗಗಳು. ಏಳು ಮೀಟರ್ ಉದ್ದದ ಗಾಡಿಯನ್ನು ಹಿಂದಕ್ಕೆ ಸರಿಸಿ ಸರಿಸಿ ಅವರಿಗೆ ಕತ್ತು ಹಿಡಿಯಿತು. ಹತ್ತರಲ್ಲಿ ಆರು ರಾತ್ರಿ ಮಳೆ. ಶೌಚದ ಪೆಟ್ಟಿಗೆ ಖಾಲಿ ಮಾಡುವುದು ಯಾರು ಎಂಬುದರ ಮೇಲೆ ಎರಡನೆಯ ದಿನ ಚಿಕ್ಕ ಜಗಳ, ಐದನೆಯ ದಿನ ಒಪ್ಪಂದ. ಅಲ್ಲಾಪೂಲ್‌ನಿಂದ ಡರ್ನೆಸ್‌ವರೆಗೆ ಆಕೆ ಓಡಿಸಿದರು. ಎಡಗಡೆಯ ಸೀಟಿನಲ್ಲಿ ಅವರು ನಿದ್ದೆ ಹೋದರು. "ಇವರು ಎಚ್ಚರವಾಗಬಾರದೆಂದು ನಿಧಾನವಾಗಿ ಹೋದೆ, ಹಿಂದೆ ಬಂದವರಿಗೆಲ್ಲ ದಾರಿ ಬಿಟ್ಟೆ" ಎಂದು ಆರನೆಯ ಭೇಟಿಯಲ್ಲಿ ಆಕೆ ಹೇಳಿದರು.

ಅದೇ ನಮ್ಮ ಕೊನೆಯ ಭೇಟಿ. ಕ್ಯಾಲೆಂಡರ್ ತಂದಿದ್ದರು. ನವೆಂಬರ್ ನಡುವಿನಿಂದ ಮಾರ್ಚ್ ನಡುವಿನವರೆಗೆ ಹಸಿರು ಶಾಯಿ, ಮೈಸೂರು. ಮೊದಲ ಎರಡು ತಿಂಗಳು ಇಬ್ಬರೂ, ಆಮೇಲೆ ಆಕೆ ಒಬ್ಬರೇ. ನೀಲಿ ಶಾಯಿಯ ರಾತ್ರಿಗಳನ್ನು ಎಣಿಸಿದೆ, 90 ಇದ್ದವು. ಮೇಲ್ಮಿತಿ 45,000 ಪೌಂಡ್, ದುರಸ್ತಿ ಖಾತೆಯನ್ನೂ ಸೇರಿಸಿ. ಗಾಡಿ ಆರು ಮೀಟರ್ ಮೀರಬಾರದು ಎಂದು ಅವರು ಪಟ್ಟು ಹಿಡಿದಿದ್ದರು. ಶನಿವಾರ 2018ರದೊಂದನ್ನು ನೋಡಲು ಹೊರಟಿದ್ದರು. ತಜ್ಞರನ್ನು ನೇಮಿಸಿದ್ದೀರಾ ಎಂದು ಕೇಳಿದೆ. ನೇಮಿಸಿದ್ದೇವೆ ಎಂದರು. ಆದರೂ ಆಕೆ ಚೀಲದಿಂದ ಸಣ್ಣ ತೇವಮಾಪಕವೊಂದನ್ನು ತೆಗೆದು ತೋರಿಸಿದರು, ಮತ್ತು ಅದು ಕೆಲಸ ಮಾಡುತ್ತದೆಯೇ ನೋಡಲು ನನ್ನ ಕೋಣೆಯ ಕಿಟಕಿಯ ಚೌಕಟ್ಟಿಗೆ ಒತ್ತಿದರು.