ಸುಣ್ಣ ಯಾವ ಬ್ಲಾಕಿಗೆ ಕೆಲಸ ಮಾಡಿತು? ಕಾಸಲ್ ಫಾರೆಸ್ಟ್ ಹಾಕೋ ಮುಂಚೆ ಇದನ್ನ ನೋಡಿ

ಮೂಡಿಗೆರೆ ಅಣ್ಣಾ, ನಿಮ್ಮ ಪ್ರಶ್ನೆ ರಾತ್ರಿಯೇ ಓದಿದೆ. 31 ಕಾಫಿ ತೋಟಗಳ 240 ಬ್ಲಾಕಿನ (ತೋಟದೊಳಗಿನ ತುಂಡುಗಳ) ಲೆಕ್ಕ ಸೇರಿಸಿದ್ದೀರಿ. ಸುಣ್ಣ ಹಾಕಿದ್ದಕ್ಕೂ ಹಾಕದ್ದಕ್ಕೂ ಎಕರೆವಾರು ಮೂಟೆಯಲ್ಲಿ ಸರಾಸರಿ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನೋಷ್ಟು. ಆದರೂ ನಿಮ್ಮ ಇಳಿಜಾರಿನ ಬ್ಲಾಕಿನಲ್ಲಿ ಫಸಲು ಎದ್ದು ಕಾಣುತ್ತಿದೆ. ಎಲ್ಲಿ ಕೆಲಸ ಮಾಡಿತು, ಎಲ್ಲಿ ಇಲ್ಲ ಅಂತ ಅಂಕಿ-ಅಂಶದ ಸಾಫ್ಟ್‌ವೇರ್ ಆದ ಆರ್‌ನಲ್ಲಿ ತಿಳಿಯೋದು ಹೇಗೆ ಅಂದಿರಿ.

ಇದಕ್ಕೆಂದೇ ಜಿಆರ್‌ಎಫ್ ಅನ್ನೋ ಆರ್ ಪ್ಯಾಕೇಜ್ (ಸಿದ್ಧ ಲೆಕ್ಕದ ಕಟ್ಟು) ಇದೆ, ಉಚಿತ. ಸೂಸನ್ ಅಥೀ, ಜೂಲಿ ಟಿಬ್ಶಿರಾನಿ, ಸ್ಟೀಫನ್ ವೇಗರ್ 2019ರಲ್ಲಿ ಪ್ರಕಟಿಸಿದ ವಿಧಾನ. ಮಾಮೂಲಿ ರ‍್ಯಾಂಡಮ್ ಫಾರೆಸ್ಟ್ (ಪ್ರಶ್ನೆ ಕೇಳುತ್ತಾ ಕವಲೊಡೆಯೋ ಲೆಕ್ಕದ ಮರಗಳ ಗುಂಪು) ಎಷ್ಟು ಮೂಟೆ ಬರುತ್ತೆ ಅಂತ ಅಂದಾಜು ಮಾಡುತ್ತೆ. ಈ ಪ್ಯಾಕೇಜಿನ ಕಾಸಲ್ ಫಾರೆಸ್ಟ್ ಸುಣ್ಣದಿಂದ ಎಷ್ಟು ಹೆಚ್ಚಾಯಿತು ಅನ್ನೋದನ್ನ ಹುಡುಕುತ್ತೆ, ಆ ಹೆಚ್ಚಳ ಎಲ್ಲಿ ಬದಲಾಗುತ್ತೋ ಅಲ್ಲಿ ಕವಲೊಡೆಯುತ್ತೆ. ಕವಲು ಆರಿಸಲು ಬಳಸಿದ ಬ್ಲಾಕುಗಳನ್ನೇ ಆ ಮರದಲ್ಲಿ ಫಲ ಅಳೆಯಲು ಬಳಸುವುದಿಲ್ಲ. ನೀವು ಏನೂ ಬದಲಿಸದಿದ್ದರೆ 2000 ಮರ ಬೆಳೆಸುತ್ತೆ.

ಓಡಿಸೋದು ಎರಡು ಸಾಲಿನ ಕೆಲಸ. ಕಷ್ಟ ಇರೋದು ಕಾಲಂಗಳಲ್ಲಿ. ಸಕಲೇಶಪುರದ ನಮ್ಮ ಬ್ಲಾಕುಗಳಿಗೆ ಮೊದಲ ಸಲ ಹಾಕಿದಾಗ ಪಿಎಚ್ (ಮಣ್ಣಿನ ಹುಳಿಯ ಅಳತೆ, ಕಡಿಮೆ ಇದ್ದಷ್ಟೂ ಹುಳಿ ಹೆಚ್ಚು) ಕಾಲಂ ಕೊಟ್ಟೆ, ಸುಣ್ಣದಿಂದ ಏನೂ ಆಗಿಲ್ಲ ಅಂತ ಉತ್ತರ ಬಂತು. ಎರಡು ದಿನ ತಲೆ ಕೆಡಿಸಿಕೊಂಡು ಮಣ್ಣಿನ ಕಾರ್ಡ್ ತೆಗೆದು ನೋಡಿದರೆ, ಮಾದರಿ ತೆಗೆದದ್ದು ಸುಣ್ಣ ಚೆಲ್ಲಿ ಆರು ತಿಂಗಳಾದ ಮೇಲೆ! ಸುಣ್ಣದ ಕೆಲಸವೇ ಪಿಎಚ್ ಏರಿಸೋದು. ಏರಿದ ಮೇಲಿನ ಅಂಕಿಯನ್ನೇ ಕೊಟ್ಟು ಬ್ಲಾಕುಗಳನ್ನ ಸಮ ಮಾಡಿದರೆ ಸುಣ್ಣದ ಫಲವೂ ಅಳಿಸಿಹೋಗುತ್ತೆ. ಆದ್ದರಿಂದ ಸುಣ್ಣಕ್ಕೆ ಮುಂಚಿನ ಪಿಎಚ್, ಅದಕ್ಕೂ ಹಿಂದಿನ ಎರಡು ವರ್ಷದ ಫಸಲು (ಅರೇಬಿಕಾ ಕಾಫಿ ಒಂದು ವರ್ಷ ಚೆನ್ನಾಗಿ ಕಾಯಿ ಬಿಟ್ಟರೆ ಮರುವರ್ಷ ಸೋಲುತ್ತಲ್ಲ), ನೆರಳು, ಇಳಿಜಾರು ಇವು ಮಾತ್ರ ಇರಲಿ. ಇಂಥ ಕಾಲಂನಲ್ಲಿ ಖಾಲಿ ಮನೆ ಇದ್ದರೆ ಹಾಗೇ ಬಿಡಿ, ಪ್ಯಾಕೇಜ್ ನಿಭಾಯಿಸುತ್ತೆ.

ಸುಣ್ಣ ಹಾಕಿದವರು ಯಾಕೆ ಹಾಕಿದರು ಅನ್ನೋದೂ ಶೀಟಿನಲ್ಲಿ ಬರಲೇಬೇಕು. ಮಣ್ಣು ಹುಳಿ ಅಂತ ಗೊತ್ತಾದವರೇ ಹಾಕಿದ್ದರೆ, ನೀವು ಹೋಲಿಸುತ್ತಿರೋದು ಸೊರಗಿದ ಬ್ಲಾಕನ್ನ ಗಟ್ಟಿ ಬ್ಲಾಕಿನ ಜೊತೆ. ಸುಣ್ಣ ಬೀಳುವ ಸಂಭವ ಎಷ್ಟಿತ್ತು ಅಂತ ಪ್ಯಾಕೇಜ್ ಪ್ರತಿ ಬ್ಲಾಕಿಗೂ ಒಂದು ಅಂಕಿ ಕೊಡುತ್ತೆ, ಅದರ ಚಿತ್ರ ಬರೆಸಿ. ಸೊನ್ನೆಗೋ ಒಂದಕ್ಕೋ ಅಂಟಿಕೊಂಡ ಬ್ಲಾಕಿಗೆ ಜೋಡಿಯೇ ಇಲ್ಲ, ಅದರ ಉತ್ತರ ನಂಬಬೇಡಿ.

ಕ್ಲಸ್ಟರ್ಸ್ ಅನ್ನೋ ಜಾಗದಲ್ಲಿ ತೋಟದ ನಂಬರ್ ಕೊಡಿ. ಒಂದೇ ತೋಟದ ಹತ್ತು ಬ್ಲಾಕಿಗೆ ಒಂದೇ ರೈಟರ್ (ಕೆಲಸ ನೋಡಿಕೊಳ್ಳುವವರು), ಒಂದೇ ಗೊಬ್ಬರ, ಒಂದೇ ಹೂಮಳೆ. ಹತ್ತು ಬೇರೆ ಸಾಕ್ಷಿ ಅಂತ ಎಣಿಸಿದರೆ ಇಲ್ಲದ ಧೈರ್ಯ ಬರುತ್ತೆ.

ಕೊನೆಗೆ 240 ಅಂಕಿ ಬರುತ್ತವೆ. ದಯವಿಟ್ಟು ಅದನ್ನ ಸಾಲಾಗಿ ಜೋಡಿಸಿ ಇಂಥ ಬ್ಲಾಕಿಗೆ ಹಾಕಿ, ಇಂಥದ್ದಕ್ಕೆ ಬೇಡ ಅಂತ ಗುಂಪಿಗೆ ಕಳಿಸಬೇಡಿ. ಇಷ್ಟು ಕಡಿಮೆ ಬ್ಲಾಕಿನಲ್ಲಿ ಒಂದೊಂದು ಅಂಕಿಯೂ ತುಂಬಾ ಅಲುಗಾಡುತ್ತೆ. ಟೆಸ್ಟ್ ಕ್ಯಾಲಿಬ್ರೇಷನ್ ಓಡಿಸಿ, ಸುಣ್ಣದ ಫಲದಲ್ಲಿ ಬ್ಲಾಕಿನಿಂದ ಬ್ಲಾಕಿಗೆ ವ್ಯತ್ಯಾಸ ನಿಜವಾಗಿ ಇದೆಯೋ ಇಲ್ಲವೋ ಅಂತ ಮೊದಲು ನೋಡಿ. ಇದ್ದರೆ, ಹಳೇ ಪಿಎಚ್ ಜೊತೆ ಅದು ಹೇಗೆ ಬದಲಾಗುತ್ತೆ ಅಂತ ಬೆಸ್ಟ್ ಲೀನಿಯರ್ ಪ್ರೊಜೆಕ್ಷನ್‌ನಲ್ಲಿ ತಿಳಿಯುತ್ತೆ.

ಮುಂದಿನ ಸಲ ಸುಣ್ಣ ತರಿಸಿದಾಗ ಯಾವ ಬ್ಲಾಕಿಗೆ ಅಂತ ಚೀಟಿ ಎತ್ತಿ. ಎಲ್ಲಾ ತೋಟದಲ್ಲೂ ಅರ್ಧ ಬ್ಲಾಕಿಗೆ ಬೀಳಲಿ, ಅರ್ಧಕ್ಕೆ ಬೇಡ. ಸಂಭವ ಅರ್ಧಕ್ಕರ್ಧ ಅಂತ ಆಗ ನಾವೇ ಬರೆದುಕೊಡಬಹುದು. ಚೀಟಿ ಎತ್ತೋ ದಿನ ಹೇಳಿ, ನಮ್ಮ ಬ್ಲಾಕುಗಳನ್ನೂ ಸೇರಿಸುತ್ತೇನೆ.