ಒಂದು ಅಡಿ ದೂರದಲ್ಲಿ ಉಳಿದ ಪದಕ

ಕಳೆದ ಸಂಚಿಕೆಯಲ್ಲಿ ಬ್ರಿಟನ್ನಿನ ಮಹಿಳಾ ಸ್ಕೀ ಪಟುಗಳ ಬಗ್ಗೆ ಮೂರು ಪುಟದ ಲೇಖನ ಹಾಕಿದ್ದೆವು. ಅದನ್ನು ಓದಿದ ಶಿವಮೊಗ್ಗದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಸ್ಕೀಯಿಂಗ್ ದುಡ್ಡಿದ್ದವರ ಆಟ. ಅದೂ ಶ್ರೀಮಂತ ದೇಶದ ದುಡ್ಡಿದ್ದವರ ಆಟ. ಪದಕ ಗೆಲ್ಲದವರಿಗೆ ಹಣ ಕೊಡಲಿಲ್ಲ ಅಂತ ನೀವು ಯಾಕೆ ಇಷ್ಟು ಮರುಗಬೇಕು? ಗೆದ್ದವರಿಗೆ ಕೊಡೋದೇ ನ್ಯಾಯ ಅಲ್ವಾ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೇಳಿದ್ದರಲ್ಲಿ ನಿಜ ಇದೆ. ಅದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಈ ಆಟ ಶುರುವಾಗಿದ್ದು ಹಣವಂತರಿಂದಲೇ. ಸ್ವಿಟ್ಜರ್ಲೆಂಡಿನ ಮ್ಯೂರನ್ ಎಂಬ ಬೆಟ್ಟದ ಊರಿಗೆ ಚಳಿಗಾಲ ಕಳೆಯಲು ಬ್ರಿಟಿಷ್ ಕುಟುಂಬಗಳು ಹೋಗುತ್ತಿದ್ದವು. ಅಲ್ಲೇ 1922ರಲ್ಲಿ ಆರ್ನಲ್ಡ್ ಲನ್ ಎಂಬ ಬ್ರಿಟಿಷರು ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಲಾಲಮ್ ಸ್ಪರ್ಧೆಗೆ ಈಗಿನ ರೂಪ ಕೊಟ್ಟರು. ಮರುವರ್ಷವೇ ಹೆಂಗಸರು ತಮ್ಮದೇ ಲೇಡೀಸ್ ಸ್ಕೀ ಕ್ಲಬ್ ಕಟ್ಟಿಕೊಂಡರು. 1931ರಲ್ಲಿ ಅದೇ ಮ್ಯೂರನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಡೌನ್‌ಹಿಲ್ (ಬೆಟ್ಟದಿಂದ ಅತಿ ವೇಗವಾಗಿ ಇಳಿಯುವ ಸ್ಪರ್ಧೆ), ಸ್ಲಾಲಮ್ ಎರಡನ್ನೂ ಗೆದ್ದದ್ದು ಎಸ್ಮೆ ಮ್ಯಾಕಿನನ್. ಆಗ ಆಕೆಗೆ 17 ವರ್ಷ. 1936ರಲ್ಲಿ ಎವೆಲಿನ್ ಪಿಂಚಿಂಗ್ ಕೂಡ ವಿಶ್ವ ಚಾಂಪಿಯನ್ ಆದರು. ಇವರೆಲ್ಲ ತಮ್ಮ ಮನೆಯ ಖರ್ಚಿನಲ್ಲೇ ಹೋಗಿ ಆಡಿದವರು.

ಆಮೇಲೆ ಆಲ್ಪ್ಸ್ ಬೆಟ್ಟದ ದೇಶಗಳು ಈ ಆಟವನ್ನು ಕಸುಬಾಗಿ ತಗೊಂಡವು. ಆಸ್ಟ್ರಿಯಾದ ಹಳ್ಳಿಯ ಮಗು ಸ್ಕೂಲು ಬಿಟ್ಟ ಕೂಡಲೇ ಮನೆಯ ಹಿಂದಿನ ಹಿಮಕ್ಕೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಎಷ್ಟೋ ಮಕ್ಕಳು ಸ್ಕೀ ಕಲಿಯುವುದು ಹಿಮದ ಮೇಲೇ ಅಲ್ಲ. ಬ್ರಷ್ಷಿನ ಹಲ್ಲಿನಂಥ ಪ್ಲಾಸ್ಟಿಕ್ ಚಾಪೆ ಹಾಸಿದ ದಿಬ್ಬದ ಮೇಲೆ ಕಲಿಯುತ್ತವೆ. ಅದರ ಮೇಲೆ ಬಿದ್ದರೆ ಚರ್ಮ ಕಿತ್ತು ಬರುತ್ತದೆ. ದುಡ್ಡಿದ್ದವರಷ್ಟೇ ಆಡುವ ಆಟ ಎಂಬ ಮಾತು ಈಗ ಪೂರ್ತಿ ನಿಜ ಅಲ್ಲ. ಆದರೆ ಆ ದಿಬ್ಬದಿಂದ, ಪ್ರತಿ ಚಳಿಗಾಲ ರೇಸ್‌ಗಳ ಸರಣಿಯಾಗಿ ನಡೆಯುವ ವಿಶ್ವಕಪ್‌ವರೆಗಿನ ದಾರಿಗೆ ದುಡ್ಡು ಬೇಕೇ ಬೇಕು. ಅದನ್ನು ಕೊಡುವವರು ಯಾರು ಅನ್ನೋದೇ ನಮ್ಮ ಲೇಖನದ ಪ್ರಶ್ನೆಯಾಗಿತ್ತು.

ಈಗ ಆ ಪದಕದ ವಿಷಯಕ್ಕೆ ಬರುತ್ತೇನೆ. 1968, ಗ್ರೆನೋಬಲ್ ಒಲಿಂಪಿಕ್ಸ್, ಮಹಿಳೆಯರ ಸ್ಲಾಲಮ್. ಬ್ರಿಟನ್ನಿನ ಜೀನಾ ಹ್ಯಾಥಾರ್ನ್ ಎರಡು ಸಲ ಇಳಿದರು. ಎರಡೂ ಸೇರಿ ಸುಮಾರು ಒಂದೂವರೆ ನಿಮಿಷ. ಕಂಚು ಗೆದ್ದ ಫ್ರಾನ್ಸಿನ ಆ್ಯನಿ ಫಾಮೋಸ್‌ಗಿಂತ ಹ್ಯಾಥಾರ್ನ್ ಹಿಂದೆ ಬಿದ್ದದ್ದು ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲು. ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಗಂಟೆಗೆ ನಲವತ್ತು ಕಿಲೋಮೀಟರ್ ವೇಗ ಅಂತಿಟ್ಟುಕೊಂಡರೆ, ಅಷ್ಟು ಹೊತ್ತಿನಲ್ಲಿ ಸಾಗುವ ದೂರ ಸುಮಾರು ಒಂದು ಅಡಿ. ನಮ್ಮ ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲನ್ನು ಎರಡು ಸಲ ಇಟ್ಟರೆ ಮುಗಿಯಿತು. ಇವರನ್ನು "ಪದಕ ಗೆಲ್ಲದವರು" ಅಂತ ಒಂದೇ ಮಾತಿನಲ್ಲಿ ಬದಿಗಿಡಲು ನನಗೆ ಮನಸ್ಸು ಬರುವುದಿಲ್ಲ. ಅದೇ 1968ರಲ್ಲಿ ಡಿವೀನಾ ಗಲೀಕಾ ವಿಶ್ವಕಪ್ ಡೌನ್‌ಹಿಲ್‌ನಲ್ಲಿ ಎರಡು ಸಲ ಮೂರನೇ ಸ್ಥಾನ ಪಡೆದರು. ಆಕೆ ಮುಂದೆ ಫಾರ್ಮುಲಾ ಒನ್ ಕಾರನ್ನೂ ಓಡಿಸಿದರು, ಅದು ಬೇರೆಯೇ ಕಥೆ.

ಗೆದ್ದವರಿಗೆ ಕೊಡೋದೇ ನ್ಯಾಯ ಅಂದಿರಿ. ಬ್ರಿಟನ್ ಮಾಡಿದ್ದೂ ಅದನ್ನೇ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆ ದೇಶಕ್ಕೆ ಸಿಕ್ಕಿದ್ದು ಒಂದೇ ಒಂದು ಚಿನ್ನ. ದೊಡ್ಡ ಅವಮಾನವಾಯಿತು. ಆಮೇಲೆ ಲಾಟರಿಯಿಂದ ಬರುವ ಹಣವನ್ನು ಯುಕೆ ಸ್ಪೋರ್ಟ್ ಎಂಬ ಸಂಸ್ಥೆ ಪದಕದ ಭರವಸೆ ನೋಡಿ ಹಂಚತೊಡಗಿತು. ಸೈಕ್ಲಿಂಗ್, ದೋಣಿ ಸ್ಪರ್ಧೆಗಳಿಗೆ ಇದು ಚೆನ್ನಾಗಿ ಫಲ ಕೊಟ್ಟಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಸ್ಕೀಯಿಂಗ್‌ನಲ್ಲಿ ಮಾತ್ರ ಆ ಲೆಕ್ಕ ಸರಿಹೋಗುವುದಿಲ್ಲ. ಯಾಕೆ ಅಂತ ನೋಡಿ. ವಿಶ್ವಕಪ್‌ನಲ್ಲಿ ಹಿಂದಿನ ರೇಸ್‌ಗಳಿಂದ ಹೆಚ್ಚು ಅಂಕ ಗಳಿಸಿದವರು ಮೊದಲು ಇಳಿಯುತ್ತಾರೆ. ಒಬ್ಬೊಬ್ಬರು ಇಳಿದಂತೆಲ್ಲ ಹಿಮದಲ್ಲಿ ಗಾಲಿ ಹರಿದ ಕೆಸರು ರಸ್ತೆಯ ಹಾಗೆ ಕೊರಕಲು ಬೀಳುತ್ತದೆ. ಐವತ್ತು, ಅರವತ್ತನೇ ನಂಬರ್ ಕಟ್ಟಿಕೊಂಡು ನಿಂತವಳಿಗೆ ಸಿಗುವುದು ಆ ಕೊರಕಲು ದಾರಿ. ಅದರಲ್ಲೇ ಇಳಿದು ಮೊದಲ ಮೂವತ್ತರಲ್ಲಿ ಬಂದರೆ ಮಾತ್ರ ಸ್ಲಾಲಮ್‌ನ ಎರಡನೇ ಸುತ್ತು, ಬಂದರೆ ಮಾತ್ರ ಅಂಕ. ಅಂಕ ಬೇಕಾದರೆ ವರ್ಷಪೂರ್ತಿ ರೇಸ್ ಆಡಬೇಕು. ಅದಕ್ಕೆ ಕೋಚ್, ಸ್ಕೀಗೆ ಮೇಣ ಬಳಿದು ಅಂಚು ಹರಿತ ಮಾಡಿಕೊಡುವವರು, ಬೇಸಿಗೆಯಲ್ಲೂ ಹಿಮ ಸಿಗುವ ಜಾಗಕ್ಕೆ ಪ್ರಯಾಣ, ಎಲ್ಲ ಬೇಕು. ಇದಕ್ಕೆಲ್ಲ ಹಣ ಮೊದಲು ಬೇಕು, ಪದಕ ಆಮೇಲೆ.

ಚೆಮ್ಮಿ ಆಲ್ಕಾಟ್ ನಾಲ್ಕು ಒಲಿಂಪಿಕ್ಸ್ ಆಡಿದವರು. 2006ರ ಟ್ಯೂರಿನ್ ಡೌನ್‌ಹಿಲ್‌ನಲ್ಲಿ 11ನೇ ಸ್ಥಾನ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಒಂದು ವಾರ ಇರುವಾಗ ಅವರ ದೇಶದ ಸ್ಕೀ ಆಡಳಿತ ಸಂಸ್ಥೆ ಸ್ನೋಸ್ಪೋರ್ಟ್ ಜಿಬಿ ದಿವಾಳಿಯಾಯಿತು! ಬ್ರಿಟಿಷ್ ಒಲಿಂಪಿಕ್ ಸಂಸ್ಥೆ ಕೈಹಿಡಿದಿದ್ದರಿಂದ ತಂಡ ಹೇಗೋ ಹೋಗಿ ಆಡಿ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೆನಡಾದಲ್ಲಿ ಬಿದ್ದು ಆಲ್ಕಾಟ್ ಕಾಲು ಮುರಿದುಕೊಂಡರು. 2013ರಲ್ಲಿ ಕಾಲು ಮತ್ತೆ ಮುರಿಯಿತು. ಆದರೂ 2014ರಲ್ಲಿ ಸೋಚಿಯ ಡೌನ್‌ಹಿಲ್ ಇಳಿದು 19ನೇಯವರಾಗಿ ಬಂದರು. ಈ 19ನೇ ಸ್ಥಾನವನ್ನು ಪದಕದ ಪಟ್ಟಿಯಲ್ಲಿ ಎಲ್ಲಿ ಬರೆಯುತ್ತೀರಿ, ಹೇಳಿ?

ಸ್ಕಾಟ್ಲೆಂಡಿನ ಚಾರ್ಲಿ ಗೆಸ್ಟ್ 2014ರಲ್ಲಿ ತರಬೇತಿಯ ವೇಳೆ ಬೆನ್ನುಮೂಳೆ ಮುರಿದುಕೊಂಡವರು. 2019ರಲ್ಲಿ, ವಿಶ್ವಕಪ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಯೂರೋಪಾ ಕಪ್‌ನ ಸ್ಲಾಲಮ್ ರೇಸ್ ಗೆದ್ದರು. ಬ್ರಿಟನ್ನಿನ ಹೆಣ್ಣುಮಗಳೊಬ್ಬಳು ಅದನ್ನು ಗೆದ್ದದ್ದು ಅದೇ ಮೊದಲು. 2022ರ ಜನವರಿಯಲ್ಲಿ ಅದೇ ತಂಡದ ಡೇವ್ ರೈಡಿಂಗ್ ಕಿಟ್ಸ್‌ಬ್ಯೂಲ್‌ನಲ್ಲಿ ವಿಶ್ವಕಪ್ ರೇಸ್ ಗೆದ್ದರು, ಅದೂ ಬ್ರಿಟನ್ನಿಗೆ ಮೊದಲು. ನಿಮ್ಮ ಲೆಕ್ಕದ ಪ್ರಕಾರ ಆಮೇಲೆ ಹಣ ಜಾಸ್ತಿ ಬರಬೇಕಿತ್ತು. ಆದರೆ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಪದಕ ಬರಲಿಲ್ಲ. ಅದೇ ವರ್ಷ ತಂಡದ ಹಣಕ್ಕೆ ಕತ್ತರಿ ಬಿತ್ತು. ವಿಶ್ವಕಪ್ ರೇಸ್ ಗೆದ್ದ ಆತನೇ ಆನ್‌ಲೈನ್‌ನಲ್ಲಿ ಚಂದಾ ಎತ್ತಬೇಕಾಯಿತು. ನಮ್ಮ ಲೇಖನ ಮರುಗಿದ್ದು ಇದಕ್ಕೆ.

ಇನ್ನು ನಮ್ಮ ಕಡೆಯ ಒಂದು ತಪ್ಪು. ನಿಮ್ಮ ಪತ್ರ ಬಂದ ಮೇಲೆ ಲೇಖನವನ್ನು ಮತ್ತೆ ತೆಗೆದು ನೋಡಿದಾಗ ಕಣ್ಣಿಗೆ ಬಿತ್ತು. "ಬ್ರಿಟನ್ನಿನ ಮಹಿಳೆಯರು ಹಿಮದ ಮೇಲೆ ದೊಡ್ಡ ಚಿನ್ನ ಗೆದ್ದು ಎಂಬತ್ತು ವರ್ಷ ದಾಟಿತು" ಎಂದು ಅದರಲ್ಲಿದೆ. ಅದನ್ನು ಅಚ್ಚಿಗೆ ಕಳಿಸುವ ಮುನ್ನ ನಾನೇ ಓದಿದ್ದೆ. ಆ ಸಾಲು ಸುಳ್ಳು.

ಕೆಲಿ ಗ್ಯಾಲಹರ್ ಉತ್ತರ ಐರ್ಲೆಂಡಿನವರು, ದೃಷ್ಟಿ ತೀರಾ ಕಡಿಮೆ. 2014ರ ಸೋಚಿ ಪ್ಯಾರಾಲಿಂಪಿಕ್ಸ್‌ನಲ್ಲಿ ಡೌನ್‌ಹಿಲ್ ಆಡಿ ಎಲ್ಲರಿಗಿಂತ ಹಿಂದೆ ಬಿದ್ದರು. ಎರಡು ದಿನ ಬಿಟ್ಟು, ಮುಂದೆ ಇಳಿಯುತ್ತಾ ದಾರಿ ಹೇಳುವ ಗೈಡ್ ಶಾರ್ಲೆಟ್ ಎವನ್ಸ್ ಜೊತೆ ಸೂಪರ್ ಜಿ (ಡೌನ್‌ಹಿಲ್‌ಗಿಂತ ಹೆಚ್ಚು ತಿರುವುಗಳಿರುವ ಸ್ಪರ್ಧೆ) ಇಳಿದು ಚಿನ್ನ ಗೆದ್ದರು. ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಹಿಮದ ಮೇಲೆ ಬ್ರಿಟನ್ ಗೆದ್ದ ಮೊದಲ ಚಿನ್ನ ಅದು. ಅದೇ ಸೋಚಿಯಲ್ಲಿ ಜೇಡ್ ಎಥರಿಂಗ್ಟನ್ ಮತ್ತು ಗೈಡ್ ಕ್ಯಾರೊಲಿನ್ ಪೊವೆಲ್ ನಾಲ್ಕು ಪದಕ ತಂದರು.

ಸೋಚಿಯ ನಂತರ ಪ್ಯಾರಾ ತಂಡಕ್ಕೆ ಹೆಚ್ಚು ಹಣ ಬಂತು. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಮೆನ್ನಾ ಫಿಟ್ಜ್‌ಪ್ಯಾಟ್ರಿಕ್ ಆಡಿದ್ದನ್ನು ಸ್ವಲ್ಪ ಕಣ್ಮುಂದೆ ತಂದುಕೊಳ್ಳಿ. ಆಕೆಗೆ ಇರುವುದು ನೂರಕ್ಕೆ ಐದರಷ್ಟು ದೃಷ್ಟಿ. ಮುಂದೆ ಗೈಡ್ ಜೆನ್ ಕೀಹೋ, ಸೇನೆಯ ಅಧಿಕಾರಿ. ಮೆನ್ನಾಗೆ ಕಾಣುವುದು ಆಕೆ ತೊಟ್ಟ ಎದ್ದು ಕಾಣುವ ಬಣ್ಣದ ಉಡುಪಿನ ಮಸುಕು ಮಾತ್ರ. ಕಿವಿಯಲ್ಲಿ ಹೆಡ್‌ಸೆಟ್. ಮುಂದಿನ ತಿರುವು, ಉಬ್ಬು, ಗಟ್ಟಿ ಹಿಮ ಎಲ್ಲವನ್ನೂ ಕೀಹೋ ಹೇಳುತ್ತಾ ಹೋಗಬೇಕು. ತಾನೂ ಬೀಳದೆ, ತೀರಾ ಮುಂದೆ ಹೋಗಿಬಿಡದೆ ಹೇಳಬೇಕು. ಮೊದಲ ದಿನದ ಡೌನ್‌ಹಿಲ್‌ನಲ್ಲಿ ಮೆನ್ನಾ ಬಿದ್ದರು. ಎದ್ದು ಒಂದು ಕಂಚು, ಎರಡು ಬೆಳ್ಳಿ ಗೆದ್ದರು. ಕೊನೆಯ ದಿನ ಸ್ಲಾಲಮ್‌ನಲ್ಲಿ ಚಿನ್ನ. ಬ್ರಿಟನ್ನಿಗೆ ಆ ಕೂಟದಲ್ಲಿ ಸಿಕ್ಕ ಒಂದೇ ಚಿನ್ನ ಅದು.

ಹಣವೊಂದರಿಂದಲೇ ಇದೆಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಆದರೆ ಗೈಡ್ ಇಲ್ಲದೆ ಮೆನ್ನಾ ಇಳಿಯಲಾರರು. ಗೈಡ್‌ಗೂ ಊಟ, ವಸತಿ, ಟಿಕೆಟ್ ಬೇಕು. ಆ ಖರ್ಚು ಕೊಡುವವರು ಇದ್ದರು. ಚಾರ್ಲಿ ಗೆಸ್ಟ್ ತಂಡಕ್ಕೆ 2022ರಲ್ಲಿ ಇಲ್ಲವಾದದ್ದು ಅದೇ.

ನಮ್ಮ ಆ ತಪ್ಪು ಸಾಲಿಗೆ ತಿದ್ದುಪಡಿ ಮುಂದಿನ ಸಂಚಿಕೆಯ ಎರಡನೇ ಪುಟದಲ್ಲಿ ಬರುತ್ತದೆ. ಗ್ಯಾಲಹರ್, ಎವನ್ಸ್, ಫಿಟ್ಜ್‌ಪ್ಯಾಟ್ರಿಕ್, ಕೀಹೋ ನಾಲ್ವರ ಹೆಸರೂ ಅದರಲ್ಲಿರುತ್ತದೆ.